ಸುಂಕಲಮ್ಮ ಮತ್ತು ಹಳದಿ ಸೈಕಲ್‌ಗಳು

ಕೊಪ್ಪಳದ ರೈಲು ನಿಲ್ದಾಣದ ಮುಂದೆ ಸುಂಕಲಮ್ಮನನ್ನು ಗುರುತಿಸುವುದು ಕಷ್ಟವಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲೊಂದು ಹಳದಿ ಸೈಕಲ್, ಬಲಗೈಯಲ್ಲಿ ಇನ್ನೊಂದು ಹಿಡಿದು ನಡುವೆ ತಾನು ನಡೆದಳೆಂದರೆ, ಜೋಡೆತ್ತು ಹಿಡಿದುಕೊಂಡು ಹೊಲಕ್ಕೆ ಹೊರಟಂತೆ ಕಾಣುತ್ತಾಳೆ. ಮೊದಮೊದಲು ಜನ ಆಕೆಯನ್ನು ಗುಜರಿಯವಳೆಂದೇ ತಿಳಿದಿದ್ದರು. ಚಹಾದಂಗಡಿಯವನಂತೂ ಒಮ್ಮೆ, "ಯಾವ ಗುಜರಿಗೆ ಹಾಕ್ತಿ ಬೇ ಇವ್ನ?" ಎಂದು ಕೇಳಿದ್ದ. "ನಿನ್ನ ಅಂಗಡಿ ಹಾಕೂ ಗುಜರಿಗೇ," ಎಂದು ಉತ್ತರ ಕೊಟ್ಟು ಆಕೆ ಮುಂದೆ ನಡೆದಿದ್ದಳು.

ಹಳದಿ ಸೈಕಲ್‌ಗಳು ಊರಿಗೆ ಬಂದು ಎರಡು ವರ್ಷವಾಗಿತ್ತು. ಒಂದು ಕಂಪನಿಯವರು ಎಂಟು ಕಡೆ ಸ್ಟ್ಯಾಂಡ್ ಮಾಡಿ ನಿಲ್ಲಿಸಿದ್ದರು. ಹ್ಯಾಂಡಲ್ ಮುಂದಿನ ತಗಡಿನ ಮೇಲೆ ಕಪ್ಪು ಚುಕ್ಕಿಗಳ ಕೋಡ್ ಇರುತ್ತದೆ. ಅದಕ್ಕೆ ಮೊಬೈಲ್ ಹಿಡಿದರೆ ಕೀಲಿ ಬಿಚ್ಚುತ್ತದೆ, ಹತ್ತಿ ಹೋಗಿ ಇನ್ನೊಂದು ಸ್ಟ್ಯಾಂಡಿನಲ್ಲಿ ಬಿಟ್ಟರಾಯಿತು. ಆದರೆ ಜನ ಕಂಪನಿಯ ನಕ್ಷೆಯಂತೆ ಓಡಾಡುತ್ತಾರೆಯೇ? ಬೆಳಿಗ್ಗೆ ಎಲ್ಲರೂ ಸ್ಟೇಷನ್ನಿಗೇ ತುಳಿದರೆ ಅಲ್ಲಿ ಸೈಕಲ್ಲಿನ ರಾಶಿ, ಉಳಿದ ಕಡೆ ಹುಡುಕಿದರೂ ಒಂದಿಲ್ಲ. ಅದಕ್ಕೇ ಕಂಪನಿ 'ಸಾರಥಿ' ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಂಡಿತು. ತುಂಬಿದ ಸ್ಟ್ಯಾಂಡಿನಿಂದ ಖಾಲಿ ಸ್ಟ್ಯಾಂಡಿಗೆ ನಲವತ್ತು ನಿಮಿಷದೊಳಗೆ ಒಂದು ಸೈಕಲ್ ಮುಟ್ಟಿಸಿದರೆ ಎರಡು ಪಾಯಿಂಟ್. ತುಳಿದುಕೊಂಡಾದರೂ ಹೋಗಿ, ತಳ್ಳಿಕೊಂಡಾದರೂ ಹೋಗಿ. ವರ್ಷದಲ್ಲಿ ಐನೂರು ಪಾಯಿಂಟ್ ಆದರೆ ಮುಂದಿನ ವರ್ಷವಿಡೀ ಸದಸ್ಯತ್ವ ಪುಕ್ಕಟೆ, ಹೆಸರು ಬರೆದ ಕಾರ್ಡಿನ ಸಮೇತ. ಕಾಲೇಜಿನವರು ಹುರುಪಿನಿಂದ ಸೇರಿದರು, ಮೂವತ್ತು ಪಾಯಿಂಟಿಗೆ ಸುಸ್ತಾಗಿ ಬಿಟ್ಟರು. ಬಿಡದೆ ಉಳಿದವಳು ಸುಂಕಲಮ್ಮ ಒಬ್ಬಳೇ.

ಆಕೆಗೆ ನಲವತ್ತೆಂಟು ವರ್ಷ. ಊರಿನ ದೊಡ್ಡಾಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ವಾರ್ಡು ಗುಡಿಸಿ ಒರೆಸುವ ಕೆಲಸ. ಮನೆ ಇರುವುದು ಭಾಗ್ಯನಗರದ ಆಚೆ ತುದಿಯ ಆಶ್ರಯ ಕಾಲೊನಿಯಲ್ಲಿ. ಬೆಳಿಗ್ಗೆ ಆರಕ್ಕೆ ಹಾಜರಿ. ಅಷ್ಟೊತ್ತಿಗೆ ಆ ಕಡೆಯಿಂದ ಆಟೋ ಇರುವುದಿಲ್ಲ. ಗಂಡ ಮಲ್ಲೇಶ ಗೌಂಡಿ, ಗಂಗಾವತಿಯಲ್ಲಿ ಮನೆ ಕಟ್ಟುತ್ತ ಅಲ್ಲೇ ಉಳಿದು ವಾರಕ್ಕೊಮ್ಮೆ ಬರುತ್ತಾನೆ. ಹಾಗಾಗಿ ದಿನಾ ಐದಕ್ಕೆ ಹೊರಟು ಒಂದು ತಾಸು ನಡೆಯಬೇಕು. ಸದಸ್ಯತ್ವವೊಂದಿದ್ದರೆ ಕಾಲೊನಿಯ ಸ್ಟ್ಯಾಂಡಿನಿಂದ ಸೈಕಲ್ ಹತ್ತಿ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಬಹುದಿತ್ತು.

ಸೈಕಲ್ ಬರುವುದಿಲ್ಲವೆಂದು ತಿಳಿಯಬೇಡಿ. ಕುಕನೂರಿನ ತವರಿನಲ್ಲಿ, ಅಣ್ಣನ ದೊಡ್ಡ ಸೈಕಲ್ಲಿನ ನಡುಗಂಬಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತ, ಹಿಂದೆ ಜೋಳದ ಚೀಲ ಕಟ್ಟಿಕೊಂಡು ಗಿರಣಿಗೆ ಹೋಗಿ ಬಂದ ಹೆಣ್ಣು ಅದು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಎಂಟನೇ ದಿನ, ಬಾಗಿಲಲ್ಲಿದ್ದ ಗಂಡನ ಸೈಕಲ್ಲಿನ ಮೇಲೆ ಕೈ ಇಟ್ಟಾಗ ಅತ್ತೆ, "ನಮ್ಮ ಮನಿ ಸೊಸಿ ಸೈಕಲ್ ತುಳಿಯೂದಿಲ್ಲ" ಎಂದಿದ್ದಳು. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಸುಂಕಲಮ್ಮ ಕೈ ತೆಗೆದಳು, ಮತ್ತೆ ಇಡಲಿಲ್ಲ. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಮಾತು ಮಾತ್ರ ಹೊಸ್ತಿಲಲ್ಲೇ ಕೂತಿತ್ತು.

ಹಾಗಾಗಿ ಆಕೆಯ ಹಟವೂ ವಿಚಿತ್ರದ್ದು. ಇಡೀ ವರ್ಷ ಸೈಕಲ್ ತಳ್ಳಿದಳೇ ಹೊರತು ಒಮ್ಮೆಯೂ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ಗೌಸಬೀ ಕೇಳಿಯೂ ಕೇಳಿದಳು.

"ಏ ಸುಂಕಲಮ್ಮ, ತುಳದ್ರ ಹತ್ತ ನಿಮಿಷದ ದಾರಿ. ಯಾಕ ಹಿಂಗ ಕತ್ತಿ ದುಡದಂಗ ದುಡೀತಿ?"

"ಕಾರ್ಡ್ ಬರ್ಲಿ ತಡೀ. ಕೈಯಾಗ ನನ್ನ ಹೆಸರಿನ ಕಾರ್ಡ್ ಇದ್ರ, ಆಮ್ಯಾಲ ಯಾರ್ ಕೇಳ್ತಾರೋ ಕೇಳ್ಲಿ."

ರೇಷನ್ ಕಾರ್ಡು ಇನ್ನೂ ಅತ್ತೆಯ ಹೆಸರಿನಲ್ಲೇ ಇತ್ತು, ಮನೆ ಗಂಡನ ಹೆಸರಿನಲ್ಲಿ. ತನ್ನದೆಂದು ಒಂದು ಕಾರ್ಡ್ ತೋರಿಸಿ, ತಲೆ ಎತ್ತಿ, ಸೈಕಲ್ ಹತ್ತಬೇಕು. ಆಕೆಗೆ ಬೇಕಾಗಿದ್ದದ್ದು ಇದು. ಎರಡು ಗಂಟೆಗೆ ಪಾಳಿ ಮುಗಿದ ಮೇಲೆ, ರಜೆಯ ದಿನ ಬೆಳಿಗ್ಗೆ, ಎರಡು ಎರಡಾಗಿ ತಳ್ಳುತ್ತ, ದಸರೆಯ ಹೊತ್ತಿಗೆ ನಾನೂರ ಎಪ್ಪತ್ತು ಪಾಯಿಂಟ್ ಮುಟ್ಟಿದ್ದಳು. ಆ ವರ್ಷದ ಲೆಕ್ಕ, ದಸರೆಯಾದ ಐದನೇ ದಿನಕ್ಕೆ ಬರುವ ಸೀಗಿ ಹುಣ್ಣಿಮೆಯ ಸಂಜೆ ಆರಕ್ಕೆ ಮುಗಿಯುವುದಿತ್ತು. ಉಳಿದದ್ದು ಮೂವತ್ತು ಪಾಯಿಂಟ್, ನೀರು ಕುಡಿದಷ್ಟು ಸುಲಭ ಎಂದುಕೊಂಡಳು.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ಆಸ್ಪತ್ರೆಯ ಆಂಬುಲೆನ್ಸಿಗೆ ಪೂಜೆಯಾಯಿತು, ಡಾಕ್ಟರರ ಕಾರಿಗೆ ಆಯಿತು, ಗೌಸಬೀಯ ಮಗನ ಆಟೋಗೂ ಚೆಂಡುಹೂವಿನ ಹಾರ ಬಿತ್ತು. ಆಸ್ಪತ್ರೆಯ ಮುಂದಿನ ಸ್ಟ್ಯಾಂಡಿನಲ್ಲಿ ಹದಿನಾರು ಹಳದಿ ಸೈಕಲ್‌ಗಳು ಮಾತ್ರ ಧೂಳು ಹೊತ್ತು ನಿಂತಿದ್ದವು. ವರ್ಷವಿಡೀ ಕೈಹಿಡಿದು ನಡೆದವುಗಳನ್ನು ಹಾಗೆ ಬಿಡಲು ಸುಂಕಲಮ್ಮನ ಮನಸ್ಸು ಒಪ್ಪಲಿಲ್ಲ. ಪಾಳಿ ಮುಗಿಸಿ ಬಕೆಟ್ ತಂದು ಹದಿನಾರನ್ನೂ ತೊಳೆದಳು. ಚಕ್ರಕ್ಕೆ ಹೂವು ಮುಡಿಸಿ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ಇನ್ನು ವಿಭೂತಿ, ಕುಂಕುಮ ಹಚ್ಚಬೇಕು. ಸೈಕಲ್ಲಿಗೆ ಹಣೆ ಎಲ್ಲಿದೆ? ಎದುರು ನಿಂತು ನೋಡಿದರೆ ಹ್ಯಾಂಡಲ್ ಮುಂದಿನ ಚೌಕದ ತಗಡು ಥೇಟ್ ಹಣೆ. ಬೇಗ ಅಳಿಸಿ ಹೋಗದಿರಲಿ ಎಂದು ವಿಭೂತಿಯನ್ನು ಗಟ್ಟಿಯಾಗಿ ಕಲಸಿ ಮೂರು ಗೆರೆ ಎಳೆದಳು, ಕುಂಕುಮಕ್ಕೆ ಎಣ್ಣೆ ಬೆರೆಸಿ ನಡುವೆ ದುಂಡಗೆ ಇಟ್ಟಳು. ಹದಿನಾರೂ ಅಲಂಕಾರಗೊಂಡು ನಿಂತಿದ್ದನ್ನು ನೋಡಿ ಕೈಮುಗಿದು ಮನೆಗೆ ಹೋದಳು.

ಮರುದಿನ ವಿಜಯದಶಮಿ. ರಾತ್ರಿ ಪಾಳಿ ಮುಗಿಸಿದ ನರ್ಸಮ್ಮಂದಿರು ಹಬ್ಬದ ಅಡುಗೆಗೆ ಮನೆ ಸೇರಬೇಕೆಂದು ಸೈಕಲ್ಲಿಗೆ ಮೊಬೈಲ್ ಹಿಡಿದರೆ, ಮೊಬೈಲಿಗೆ ಕಂಡದ್ದು ವಿಭೂತಿ. ಕೋಡ್ ಕಾಣದೆ ಒಂದು ಕೀಲಿಯೂ ಬಿಚ್ಚಲಿಲ್ಲ. ದೂರಿನ ಮೇಲೆ ದೂರು ಹೋಯಿತು. ಕೊಪ್ಪಳದ ಸೈಕಲ್‌ಗಳ ಮೇಲ್ವಿಚಾರಣೆ ಪ್ರಭುರಾಜ ಎಂಬ ಯಲಬುರ್ಗಿಯ ತರುಣನದು. ಹಬ್ಬಕ್ಕೆ ಊರಿಗೆ ಹೋಗಿದ್ದವನು ತಾಟಿನಲ್ಲಿದ್ದ ಹೋಳಿಗೆ ಬಿಟ್ಟೆದ್ದು ಬೈಕಿನಲ್ಲಿ ಬಂದ. ಅವನ ಸಿಟ್ಟಿನಲ್ಲಿ ಅರ್ಧ ಆ ಹೋಳಿಗೆಯದೇ ಇತ್ತೆಂದು ನನಗನಿಸುತ್ತದೆ.

"ಸುಂಕಲಮ್ಮಾರ, ಏನ್ ಮಾಡಿಟ್ಟೀರಿ ಇದನ್ನ?"

"ಪೂಜಿ ಮಾಡೀನ್ರಿ ಸರ."

"ಪೂಜಿ ಬ್ಯಾಡನ್ನಾಂವ ಯಾರ್ರಿ? ಕೋಡ್ ಮ್ಯಾಲ ಯಾಕ ಹಚ್ಚಿದ್ರಿ?"

"ಹಣಿ ಬಿಟ್ಟು ಬೆನ್ನಿಗೆ ಹಚ್ತಾರೇನ್ರಿ?"

ಪ್ರಭುರಾಜ ಒರೆಸಿರಿ ಎಂದು ಕೈ ತೋರಿಸಿದ. ಆಕೆ ಹಳೆಯ ಮೆತ್ತನೆ ಸೀರೆಯ ತುಂಡು, ಸಾಬೂನು, ಕೊಬ್ಬರಿ ಎಣ್ಣೆ ತಂದು ಹದಿನಾರೂ ಹಣೆಗಳನ್ನು ಕೂತು ಒರೆಸಿದಳು. ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಆಗಲೇ ಮೊಬೈಲಿಗೆ ಸಂದೇಶ ಬಂತು: ಸೈಕಲ್‌ಗಳನ್ನು ಕೆಡಿಸಿದ್ದಕ್ಕೆ ಅರವತ್ತು ಪಾಯಿಂಟ್ ಕಡಿತ, ಖಾತೆ ಬಂದ್ ಮಾಡುವ ಬಗ್ಗೆ ವಿಚಾರಣೆ. ಕೆಡಿಸಿದ್ದು! ಆ ಮಾತು ಓದಿ ಸುಂಕಲಮ್ಮನಿಗೆ ಅಳು ತಡೆಯಲಾಗಲಿಲ್ಲ. ಮೂವತ್ತು ಉಳಿದದ್ದು ತೊಂಬತ್ತಾಯಿತೆಂಬುದಕ್ಕಿಂತ, ಮುದ್ದು ಮಾಡಿದ್ದನ್ನು ಕೆಡಿಸಿದ್ದು ಅಂದರಲ್ಲ ಎಂಬುದೇ ಚುಚ್ಚಿತು. ಗಂಡನಿಗೆ ಫೋನ್ ಮಾಡಿದರೆ ಅವನು ನಕ್ಕ.

"ಬಿಟ್ಟು ಬಿಡ ಅತ್ಲಾಗ. ಮುಂದಿನ ವಾರ ಬಂದಾಗ ಒಂದು ಹಳೇ ಸೈಕಲ್ ಕೊಡಿಸ್ತೀನಿ."

"ನೀವ್ ಕೊಡಿಸೂದು ಬ್ಯಾಡ್ರಿ," ಎಂದು ಫೋನ್ ಇಟ್ಟಳು.

ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಂಚುತ್ತಾರೆ. ಮಾತು ಬಿಟ್ಟವರೂ ಅವತ್ತು ಕೈ ಹಿಂದೆ ಎಳೆಯುವಂತಿಲ್ಲ. ಸುಂಕಲಮ್ಮ ಹೊಸ ಸೀರೆ ಉಟ್ಟು, ಹಿಡಿ ಬನ್ನಿ ತೆಗೆದುಕೊಂಡು, ಬಸ್ ಸ್ಟ್ಯಾಂಡಿನ ಹಿಂದಿರುವ ಪ್ರಭುರಾಜನ ಕೋಣೆಗೇ ಹೋದಳು. ಅವನು ಅಲ್ಲೊಬ್ಬನೇ ಮುಖ ಗಂಟಿಕ್ಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದ.

"ಬನ್ನಿ ತಗೋರಿ ಸರ, ನಾವು ನೀವು ಬಂಗಾರದಂಗ ಇರೋಣು."

ಅವನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ. ದೊಡ್ಡವಳೆಂದು ಬಗ್ಗಿ ನಮಸ್ಕಾರವನ್ನೂ ಮಾಡಿದ. ಆಮೇಲೆ, "ಕಡಿದ ಪಾಯಿಂಟ್ ನನ್ನ ಕೈಯಾಗಿಲ್ರಿ ಅಮ್ಮಾರ, ಅದನ್ನ ಕಂಪನಿ ಮಷೀನ್ ತಾನ ಮಾಡ್ತೈತಿ," ಎಂದ.

"ನಾ ಪಾಯಿಂಟ್ ಕೇಳಾಕ ಬಂದಿಲ್ರಿ. ಹುಣ್ಣಿಮಿತನಾ ನನ್ನ ನಂಬರ್ ಬಂದ್ ಮಾಡಬ್ಯಾಡ್ರಿ. ಅಷ್ಟ ನಿಮ್ಮ ಕೈಯಾಗ ಐತಲ್ಲ?"

ಅವನು ಬನ್ನಿಯನ್ನು ನೋಡಿದ, ಆಕೆಯನ್ನು ನೋಡಿದ. "ಐತ್ರಿ," ಎಂದ.

ನಡುವಿನ ದಿನಗಳು ಆಕೆಯನ್ನು ಕಾಡಿದವು. ಹಬ್ಬದ ರಜೆ, ಜನ ಮನೆಯಲ್ಲಿ, ಸೈಕಲ್‌ಗಳು ನಿಂತಲ್ಲೇ ನಿಂತಿದ್ದವು. ಎಷ್ಟು ಹೆಣಗಿದರೂ ಮೂವತ್ತು ಪಾಯಿಂಟ್ ದಾಟಲಿಲ್ಲ. ಇನ್ನೂ ಅರವತ್ತು ಬೇಕು, ಅಂದರೆ ಮೂವತ್ತು ಸೈಕಲ್, ಕೈಯಲ್ಲಿರುವುದು ಹುಣ್ಣಿಮೆ ಒಂದೇ ದಿನ. ಆದರೆ ಕಂಪನಿಯ ಮಷೀನಿಗೆ ಗೊತ್ತಿಲ್ಲದ್ದು ಸುಂಕಲಮ್ಮನಿಗೆ ಗೊತ್ತಿತ್ತು. ಹುಣ್ಣಿಮೆಯೆಂದರೆ ಹುಲಿಗೆಮ್ಮ ದೇವಿಯ ದರ್ಶನದ ದಿನ. ಆಕೆಯ ಗುಡಿಯಿರುವ ಹುಲಿಗಿಗೆ ಹೋಗುವ ರೈಲು ಹಿಡಿಯಲು ಅರ್ಧ ಊರು ನಸುಕಿಗೇ ಸ್ಟೇಷನ್ನಿಗೆ ತುಳಿಯುತ್ತದೆ. ಗೌಸಬೀಯ ಮುಂದೆ ನಿಂತು, "ನಾಳಿ ನನ್ನ ಪಾಳಿ ನೋಡ್ಕೋ," ಎಂದಳು.

"ರಂಜಾನ್ ಹಬ್ಬಕ್ಕ ನಂದು ನೀ ನೋಡಿದ್ದಿ. ಇದನ್ನೂ ಕೇಳ್ಬೇಕೇನ? ಹೋಗ್."

ಹುಣ್ಣಿಮೆಯ ಬೆಳಿಗ್ಗೆ ಐದೂವರೆಗೆ ಸ್ಟೇಷನ್ನಿನಲ್ಲಿ ಸೈಕಲ್‌ಗಳು ಸ್ಟ್ಯಾಂಡ್ ತುಂಬಿ, ಬೇವಿನ ಮರದ ಬುಡ ತುಂಬಿ, ರಸ್ತೆಗೆ ಬಂದಿದ್ದವು. ಸುಂಕಲಮ್ಮ ಜೋಡಿ ಜೋಡಿಯಾಗಿ ಎಳೆದಳು. ಮೊದಲು ಬಸ್ ಸ್ಟ್ಯಾಂಡ್, ಅದು ತುಂಬಿದ ಮೇಲೆ ಗಂಜ್ ಮಾರುಕಟ್ಟೆ. ಹೋಗುವಾಗ ಎರಡು ಸೈಕಲ್, ಬರುವಾಗ ಬರಿಗೈ. ಹನ್ನೆರಡು ಸಲ ಹೋಗಿ ಬಂದಳು. ಚಪ್ಪಲಿಯ ಉಂಗುಷ್ಠ ಕಿತ್ತು ಬರಿಗಾಲಾಯಿತು, ಅಂಗೈ ಕೆಂಪಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಇಪ್ಪತ್ತುನಾಲ್ಕು ಮುಗಿದಿದ್ದವು. ಇನ್ನು ಆರೇ ಆರು ಎಂದು ಮೊಬೈಲ್ ನೋಡಿದರೆ, ಪಾಯಿಂಟ್ ಕೊಡುವ ಖಾಲಿ ಸ್ಟ್ಯಾಂಡ್ ಒಂದೇ ಉಳಿದಿತ್ತು. ಆಕೆಯದೇ ಆಶ್ರಯ ಕಾಲೊನಿ.

ಸೇತುವೆ ಏರಿ, ಭಾಗ್ಯನಗರ ದಾಟಿ, ಆಚೆ ತುದಿಗೆ ತಳ್ಳಿಕೊಂಡು ಹೋದರೆ ಐವತ್ತು ನಿಮಿಷ. ನಲವತ್ತು ದಾಟಿದರೆ ಸೊನ್ನೆ. ಹತ್ತದೆ ದಾರಿಯಿಲ್ಲ. ಹತ್ತುವುದೂ ಎಲ್ಲಿ? ಅತ್ತೆಯನ್ನು ಬಲ್ಲವರು, ಮದುವಣಗಿತ್ತಿಯಾಗಿ ತನ್ನನ್ನು ಕಂಡವರು, ನಲ್ಲಿಯ ಮುಂದೆ ಕೂತಿರುವ ಆ ಓಣಿಯಲ್ಲೇ. ಕೈಯಲ್ಲಿ ಕಾರ್ಡೂ ಇಲ್ಲ. ಸುಂಕಲಮ್ಮ ಬೇವಿನ ನೆರಳಿನಲ್ಲಿ ಒಂದು ಗಳಿಗೆ ನಿಂತಳು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು? ಚಹಾದಂಗಡಿಯವನು ನೋಡುತ್ತಲೇ ಇದ್ದ.

"ನೋಡು, ಚಂದಾಗಿ ನೋಡು," ಎಂದು ಅವನಿಗೆ ಹೇಳಿ, ನಿರಿಗೆ ಎತ್ತಿ ಕಟ್ಟಿ, ಹತ್ತಿಯೇ ಬಿಟ್ಟಳು.

ಮೊದಲ ಹತ್ತು ಮಾರು ಸೈಕಲ್ ಕುಡುಕನಂತೆ ಓಲಾಡಿತು. ಒಬ್ಬ ಬಾಳೆಹಣ್ಣಿನ ಗಾಡಿಯವನು ಶಾಪ ಹಾಕಿದ. ಆಮೇಲೆ ಕಾಲಿಗೆ ಕುಕನೂರಿನ ಗಿರಣಿಯ ದಾರಿ ನೆನಪಾಯಿತು. ಸೇತುವೆಯ ಏರಿನಲ್ಲಿ ಏದುಸಿರು ಬಂತು, ಇಳಿಯಲಿಲ್ಲ. ಇಳಿಜಾರಿನಲ್ಲಿ ಗಾಳಿ ಬಡಿಯಿತು, ಸೆರಗು ಹಾರಿತು. ಮೂವತ್ತು ವರ್ಷ ಇದನ್ನು ಬಿಟ್ಟಿದ್ದೆನಲ್ಲ ಎಂದು ಆಕೆಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಇನ್ನೂ ಜೋರಾಗಿ ತುಳಿದಳು.

ಕಾಲೊನಿಯ ನಲ್ಲಿಯ ಮುಂದೆ ಕೊಡಗಳು ನಿಂತಿದ್ದವು. ಅತ್ತೆಯ ವಾರಿಗೆಯ ವಿರೂಪಾಕ್ಷಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯಾರಬೇ ಅದು, ಸುಂಕಲಮ್ಮನಾ?" ಎಂದಳು.

"ಹೌದ್ರಿ ಅತ್ಯಾರ, ನಾನ!"

"ಸೈಕಲ್ ಮ್ಯಾಲ ಬರಾಕತ್ತೀಯೇನ? ಛಲೋ ಆತು. ಹಾದ್ಯಾಗ ಕೊಡ ಅದಾವ, ನೋಡಿ ನಡಸು."

ಅಷ್ಟೇ. ಮುದುಕಿ ಮತ್ತೆ ತನ್ನ ಕೊಡದ ಪಾಳಿಯ ಜಗಳಕ್ಕೆ ತಿರುಗಿದಳು.

ಸೈಕಲ್ ಬಿಟ್ಟು, ಷೇರ್ ಆಟೋದಲ್ಲಿ ಸ್ಟೇಷನ್ನಿಗೆ ಮರಳಿ, ಮತ್ತೊಂದು ಸೈಕಲ್ ಹತ್ತಿದಳು. ಹೀಗೆ ಆರು ಸಲ. ಕೊನೆಯದನ್ನು ನಿಲ್ಲಿಸಿ ಕೀಲಿ ಹಾಕಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಮೊಬೈಲ್ ಐನೂರು ತೋರಿಸಿತು. ಸುಂಕಲಮ್ಮ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಒಬ್ಬಳೇ ನಕ್ಕಳು.

ವಾರದ ಮೇಲೆ ಪ್ರಭುರಾಜ ಕಾರ್ಡನ್ನು ತಾನೇ ಆಸ್ಪತ್ರೆಗೆ ತಂದುಕೊಟ್ಟ. ಎಲ್ಲ ಸೈಕಲ್‌ಗಳ ಮಡ್‌ಗಾರ್ಡಿಗೂ ಅವನು ದುಂಡನೆಯ ಬಿಳಿ ಚೀಟಿ ಅಂಟಿಸಿದ್ದ. 'ಪೂಜೆ ಇಲ್ಲಿ ಮಾಡಿ' ಎಂದು ಅದರ ಮೇಲೆ ಬರೆದಿತ್ತು. ಸುಂಕಲಮ್ಮ ಕಾರ್ಡಿನ ಮೇಲಿನ ತನ್ನ ಹೆಸರನ್ನು ಬೆರಳಿಟ್ಟು ಓದಿದಳು.

"ಸರ, ಇದನ್ನ ಎಲ್ಲಿ ತೋರಿಸ್ಬೇಕ್ರಿ?"

"ಎಲ್ಲೂ ತೋರಿಸೂದಿಲ್ರಿ. ಮೊಬೈಲ್‌ನ್ಯಾಗ ಎಲ್ಲಾ ಐತಿ. ಕಾರ್ಡ್ ಯಾರೂ ಕೇಳಂಗಿಲ್ಲ."

ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷದಿಂದಲೂ ಕೇಳುವವರು ಯಾರೂ ಇರಲಿಲ್ಲ. ಸುಂಕಲಮ್ಮ ಕಾರ್ಡನ್ನು ಮನೆಗೆ ಒಯ್ದು ಗೋಡೆಯ ಮೇಲಿದ್ದ ಅತ್ತೆಯ ಫೋಟೋದ ಚೌಕಟ್ಟಿಗೆ, ಎದುರಿಗೆ ಕಾಣುವ ಹಾಗೆ ಸಿಕ್ಕಿಸಿದಳು. ಮರುದಿನ ಆರಕ್ಕೆ ಹತ್ತು ನಿಮಿಷ ಇರುವಾಗಲೇ ಆಸ್ಪತ್ರೆಯ ಮುಂದೆ ಸೈಕಲ್ ನಿಲ್ಲಿಸಿ, ಹಾಜರಿ ಹಾಕಲು ಒಳಗೆ ಹೋದಳು.