ಹವಳಕ್ಕೆ ಸುಣ್ಣ ಉಣಿಸುವ ಚಲುವಮ್ಮ

ಬೆಳಗಿನ ಆರು ಗಂಟೆ. ಬೇಲೂರಿನ ತೆಂಗಿನಕಾಯಿ ವ್ಯಾಪಾರಿ ಇಂದುಧರ ಅವರ ನಡುಮನೆಯಲ್ಲಿ ಚಲುವಮ್ಮ ನೆಲಕ್ಕೆ ಕೆನ್ನೆಯಾನಿಸಿ ಮಲಗಿದ್ದಾರೆ. ಐದಡಿ ಉದ್ದದ ಗಾಜಿನ ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಬಲಗೈ ಭುಜದವರೆಗೂ ಹೋಗಿದೆ. ತೆಳುವಾದ ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಅವರ ತುಟಿ ಎಣಿಸುತ್ತಿದೆ: ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ನಿಮಿಷಕ್ಕೆ ಅರವತ್ತು ಹನಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಏಳಕ್ಕೆ ತೊಟ್ಟಿ ಲೈಟು ಹತ್ತುತ್ತೆ. ಆಗ ಹವಳ ಅರಳಿದ್ರೆ ಬದುಕ್ತು. ಇಲ್ದಿದ್ರೆ ನಾನೇ ಕೊಂದಂಗೆ," ಎಂದು ಪತ್ರಿಕೆಗೆ ಬರೆಯಲು ಬಂದ ನಮಗೆ ಹೇಳುತ್ತಾರೆ, ಕೈ ಹೊರಗೆ ತೆಗೆಯದೆ.

ತೊಟ್ಟಿಯಲ್ಲಿರುವುದು ಉಪ್ಪುನೀರು, ಅದರೊಳಗೆ ಜೀವಂತ ಹವಳ. ಅದು ಬೆಳೆಯಬೇಕಾದರೆ ನೀರಿನಲ್ಲಿ ಸುಣ್ಣ ಬೇಕು. ಅದಕ್ಕೇ ಈ ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಕೊಳವೆ. ಒಳಗೆ ತುಂಬಿರುವುದು ಸತ್ತ ಹವಳದ ಕಲ್ಲುಚೂರು. ಸೋಡಾಕ್ಕೆ ಹಾಕುವ ಗ್ಯಾಸನ್ನು ಗುಳ್ಳೆಗುಳ್ಳೆಯಾಗಿ ಬಿಟ್ಟರೆ ನೀರು ಹುಳಿಯಾಗಿ ಕಲ್ಲನ್ನು ಕರಗಿಸುತ್ತದೆ. ಆ ಸುಣ್ಣದ ನೀರು ಹನಿಹನಿಯಾಗಿ ತೊಟ್ಟಿ ಸೇರುತ್ತದೆ. ಯಂತ್ರ ಮಾರಿದ ಬೆಂಗಳೂರಿನ ಅಂಗಡಿಯವರು ಡಬ್ಬಿ ಕಳಿಸಿ, ಅದರ ಬೆನ್ನಿಗೇ ಜೋಡಿಸುವ ಬಗೆಯದೊಂದು ವಿಡಿಯೋವನ್ನು ಫೋನಿಗೆ ಕಳಿಸಿ ಕೈತೊಳೆದುಕೊಂಡರು. ಗಾಜಿನ ಮೇಲೆ ಅವರ ಸ್ಟಿಕ್ಕರ್ ಅಂಗೈ ಅಗಲ ಹೊಳೆಯುತ್ತಿದೆ. ಪೈಪು ಜೋಡಿಸಿದವರ ಹೆಸರು ಎಲ್ಲೂ ಇಲ್ಲ.

ಮಾದಿಹಳ್ಳಿಯ ಚಲುವಮ್ಮನವರಿಗೆ ನಲವತ್ತೇಳು ವರ್ಷ. ಇಪ್ಪತ್ತು ವರ್ಷದಿಂದ ಹಳೇಬೀಡು, ಅರಸೀಕೆರೆ ಸುತ್ತಿನ ತೆಂಗಿನ ತೋಟಗಳಿಗೆ ಹನಿ ನೀರಾವರಿಯ ಪೈಪು ಹಾಕುತ್ತಿದ್ದಾರೆ. ದಿನಕ್ಕೆ ಎಂಬತ್ತು ಮರದ ಬುಡ ಮುಗಿಸುತ್ತಾರೆ. ಒಮ್ಮೆ ಪೈಪು ಕಂಪನಿಯೊಂದರ ತರಬೇತಿಗೆ ಹೋದಾಗ ಪಹಣಿ ಕೇಳಿದರು. ಜಮೀನಿಲ್ಲ, ಪಹಣಿಯಿಲ್ಲ, ಸರ್ಟಿಫಿಕೇಟೂ ಇಲ್ಲ. ನೆರಳಲ್ಲಿ ಕೂತ ತೋಟದ ಒಡೆಯನಿಗೆ ಕಾಗದ, ಕೆಸರಲ್ಲಿ ಕೂತು ಪೈಪು ಕೂಡಿಸಿದವಳಿಗೆ ಬರಿಗೈ! ಇದಕ್ಕೆ ಅನ್ಯಾಯ ಎನ್ನದೆ ಇನ್ನೇನೆನ್ನಬೇಕು?

ಆದರೆ ವಿದ್ಯೆ ಆ ಕಾಗದದಲ್ಲಿರಲಿಲ್ಲ. "ಬೋರ್ ನೀರಲ್ಲಿ ಸುಣ್ಣ ಜಾಸ್ತಿ, ಪೈಪ್ ಕಟ್ಕೊಂತೈತೆ. ಆಸಿಡ್ ಬಿಟ್ಟು ಕರಗಿಸಿ ಹೊರಗೆ ಹಾಕ್ತೀವಿ. ಇಲ್ಲಿ ಕರಗಿಸಿ ಉಣ್ಣಿಸೋದು. ಅಷ್ಟೇ ಕಣ್ರೀ!"

ಅವರು ಎಡವಿದ್ದೂ ತೋಟದ ರೂಢಿಯಿಂದಲೇ. ಬಿಸಿಲಿಗೆ ಪ್ಲಾಸ್ಟಿಕ್ ವಾಲ್ವ್ ಎರಡೇ ಬೇಸಿಗೆಗೆ ಸೀಳಿಹೋಗುತ್ತದೆ. ಹಾಗಾಗಿ ಕಳೆದ ತಿಂಗಳು ಇಂದುಧರ ಅವರು ರಿಯಾಕ್ಟರ್ ಜೋಡಿಸಲು ಕರೆಸಿದಾಗ, ಡಬ್ಬಿಯಲ್ಲಿದ್ದ ಪ್ಲಾಸ್ಟಿಕ್ ವಾಲ್ವನ್ನು ಪಕ್ಕಕ್ಕಿಟ್ಟು, ತಮ್ಮ ಚೀಲದ ಗಟ್ಟಿ ಹಿತ್ತಾಳೆ ವಾಲ್ವ್ ಕೂರಿಸಿದರು. ವಾರದೊಳಗೆ ತೊಟ್ಟಿಯಲ್ಲಿದ್ದ ಮೂರು ಹವಳಗಳೂ ಮುದುಡಿದವು. ಅಂಗಡಿಯವರು ಫೋನಿನಲ್ಲಿ "ನಿಮ್ಮೂರ ನೀರೇ ಸರಿಯಿಲ್ಲ" ಎಂದರು. ಮನೆಯವರು ನಂಬಿಯೂ ಬಿಟ್ಟರು. ಸುಮ್ಮನಿದ್ದಿದ್ದರೆ ಚಲುವಮ್ಮ ಪಾರು. ಅವರು ಬಂದು ವಾಲ್ವ್ ಬಿಚ್ಚಿದರು. ಒಳಗೆಲ್ಲ ಹಸಿರು ಕಿಲುಬು: ಹುಳಿನೀರಿಗೆ ಹಿತ್ತಾಳೆಯ ತಾಮ್ರ ಕರಗಿ ಹವಳಕ್ಕೆ ವಿಷವಾಗಿತ್ತು.

"ಕಲಾಯಿ ಇಲ್ದಿರೋ ಹಿತ್ತಾಳೆ ಪಾತ್ರೇಲಿ ಹುಳಿ ಇಡಬಾರ್ದು ಅಂತ ನಮ್ಮವ್ವ ಬೈದು ಬೈದು ಕಲಿಸಿದ್ಲು. ಅಡುಗೆಮನೇಲಿ ಗೊತ್ತಿದ್ದದ್ದು ಇಲ್ಲಿ ಮರ್ತೋದೆ. ತಪ್ಪು ನಂದೇ ಅಂದೆ."

ಇಂದುಧರ ಸಿಡಿದರು: "ಬೆಂಗಳೂರಿಂದಲೇ ಜನ ಕರೆಸ್ತೀನಿ, ನೀನು ತೋಟ ನೋಡ್ಕೋ ಹೋಗಮ್ಮಾ." ತಡೆದವರು ಅವರ ಮಡದಿ ಶಾಂತಾದೇವಿ. "ಅವರು ನೋಡ್ದೇನೇ ನೀರಿನ ತಪ್ಪು ಅಂದ್ರು. ಇವಳು ನೋಡಿ ತನ್ನ ತಪ್ಪು ಅಂದ್ಲು. ಯಾರನ್ನ ನಂಬ್ತೀರ್ರೀ?"

ಅಂದಿನಿಂದ ಹತ್ತು ದಿನವಾಯಿತು, ಚಲುವಮ್ಮ ಮೊದಲ ಬಸ್ಸಿಗೇ ಬರುತ್ತಿದ್ದಾರೆ. ದಿನಕ್ಕೆ ಮೂರು ಕೊಡ ಹಳೆಯ ನೀರು ತೆಗೆದು ಅಷ್ಟೇ ಹೊಸ ಉಪ್ಪುನೀರು ತುಂಬಿದ್ದಾರೆ. ಇಂದು ರಿಯಾಕ್ಟರಿಗೆ ಮತ್ತೆ ಪೈಪು ಕೂಡಿಸಿದ್ದಾರೆ. ಈ ಸಲ ಎಲ್ಲವೂ ಪ್ಲಾಸ್ಟಿಕ್ಕೇ.

ಏಳಕ್ಕೆ ನೀಲಿ ಬೆಳಕು ಹತ್ತುತ್ತದೆ. ಗಂಡ, ಹೆಂಡತಿ, ಚಲುವಮ್ಮ ಮೂವರೂ ಗಾಜಿನ ಮುಂದೆ. ಕಾಲು ಗಂಟೆ ಏನೂ ಇಲ್ಲ. ಆಮೇಲೆ ಬಲಗಡೆಯ ಹವಳದಿಂದ ಎಳೆಗೂಸಿನ ಬೆರಳಿನಂಥವು ಒಂದೊಂದಾಗಿ ಹೊರಗೆ ಇಣುಕುತ್ತವೆ. ಸ್ವಲ್ಪ ಹೊತ್ತಿಗೆ ಎಡಗಡೆಯದೂ ಅರಳುತ್ತದೆ. ನಡುವಿನದು ಬಿಳಿಚಿಕೊಂಡು ಬರೀ ಕಲ್ಲಾಗಿದೆ.

"ಹೋಗ್ಲಿ ಬಿಡಮ್ಮಾ," ಇಂದುಧರ ಅವರ ದನಿ ಮೆತ್ತಗಾಗಿದೆ, "ಅದೊಂದು ಸತ್ತಿದ್ದು ಪೇಪರಿಗೆ ಬರೋದು ಬೇಡ."

ಚಲುವಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಯಾಕ್ ಸ್ವಾಮಿ ಬೇಡ? ಅದು ಸತ್ತಿದ್ದು ನನ್ ಕೈಯಿಂದ. ಇವೆರಡು ಬದುಕಿದ್ದೂ ನನ್ ಕೈಯಿಂದ್ಲೇ. ಬರೆಯೋದಾದ್ರೆ ಎರಡನ್ನೂ ಬರೀಲಿ."