ನೂರು ಸೇರಿನ ಚೀಲ

ಕಬಡ್ಡಿ ಗೆಲ್ಲುವುದು ಅಂಕಣದಲ್ಲಿ ಎಂಬುದು ನೋಡುವವರ ಭ್ರಮೆ. ಗೆಲುವೋ ಸೋಲೋ ಅದಕ್ಕಿಂತ ಒಂದು ತಿಂಗಳು ಮೊದಲೇ ತೀರ್ಮಾನವಾಗಿರುತ್ತದೆ, ಕೊಟ್ಟೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ. ಹೀಗೆಂದರೆ ನನ್ನ ಗಂಡ ನಗುತ್ತಾರೆ. ನಗಲಿ. ನಾಲ್ಕು ವರ್ಷದಿಂದ ನಮ್ಮ ತಾಲ್ಲೂಕಿನ ಹೆಂಗಸರ ತಂಡ ಕಟ್ಟುತ್ತಿರುವವಳು ನಾನು, ಅವರಲ್ಲ. ಇದ್ದಷ್ಟು ಬಟ್ಟೆಯಲ್ಲೇ ಕುಬಸ ತೆಗೆಯುವುದನ್ನು ಮೂವತ್ತು ವರ್ಷ ಹೊಲಿದವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಐದು ತಾಲ್ಲೂಕಿಗೆ ಐದು ತಂಡ. ದಾನಿಗಳು ಕೊಟ್ಟ ದುಡ್ಡೆಲ್ಲ ಒಂದೇ ಕಡೆ ಸೇರಿ ಐದು ಸಮಪಾಲಾಗುತ್ತದೆ. ಯಾರೂ ತಮ್ಮ ಕಿಸೆಯಿಂದ ಒಂದು ರೂಪಾಯಿ ಹೆಚ್ಚಿಗೆ ಸುರಿಯುವಂತಿಲ್ಲ. ಆ ಪಾಲನ್ನು ನೂರು ಭಾಗ ಮಾಡಿ, ಒಂದೊಂದು ಭಾಗಕ್ಕೆ ಸೇರು ಎಂದು ಹೆಸರಿಟ್ಟವರು ನನ್ನ ಗಂಡ. ಅವರದು ಹಿಟ್ಟಿನ ಗಿರಣಿ, ಲೋಕವನ್ನೆಲ್ಲ ಸೇರು ಪಾವಿನಲ್ಲೇ ಅಳೆಯುತ್ತಾರೆ. ಹೆಸರು ಐದೂ ತಾಲ್ಲೂಕಿಗೆ ಅಂಟಿಕೊಂಡಿತು. ಒಂದು ತಂಡದ ಪಾಲೆಂದರೆ ನೂರು ಸೇರಿನ ಒಂದು ಚೀಲ. ಅದರಲ್ಲಿ ಹನ್ನೆರಡು ಆಟಗಾರ್ತಿಯರನ್ನು ತುಂಬಬೇಕು. ಐದು ಸೇರಿಗಿಂತ ಕಡಿಮೆ ಯಾರಿಗೂ ಕೊಡುವಂತಿಲ್ಲ.

ತುಂಬುವುದು ಸುಲಭವಲ್ಲ. ನಮ್ಮ ದೊಡ್ಡ ರೈಡರ್ ಊರಿನ ಮೆಕ್ಯಾನಿಕ್ ಒಬ್ಬರ ಮಗಳು. ಅವಳ ಅಪ್ಪ ಕೈಯಲ್ಲಿ ನಟ್ಟು ಬಿಚ್ಚುವ ಪಾನ ಹಿಡಿದುಕೊಂಡೇ ಚೌಕಾಸಿಗೆ ನಿಂತರು.

"ಇಪ್ಪತ್ತಕ್ಕ ಕಡಿಮಿ ಆಗಂಗಿಲ್ರಿ ಅಕ್ಕಾರ. ಬ್ಯಾರೆ ತಾಲ್ಲೂಕಿನೋರು ಕೇಳಾಕತ್ಯಾರ."

"ಕೇಳಲಿ ಬಿಡ್ರಿ ಭಾಯ್. ದಿನಾ ಸಂಜಿಮುಂದ ಮಗಳನ್ನ ಹಡಗಲಿ ಬಸ್ಸಿಗೆ ಹತ್ತಿಸ್ತೀರೇನು? ಇಲ್ಲಿ ಆಟ ಮುಗದು ಹತ್ತು ನಿಮಿಷಕ್ಕ ಮನ್ಯಾಗ ಇರ್ತಾಳ."

ಅವರು ಪಾನ ಕೆಳಗಿಟ್ಟರು. ಹದಿನೆಂಟಕ್ಕೆ ಮುಗಿಯಿತು. ಎರಡನೇ ರೈಡರ್‌ಗೆ ಹದಿನಾಲ್ಕು, ಬಲ ಮೂಲೆಯವಳಿಗೆ ಹತ್ತು, ಉಳಿದ ಎಂಟು ಜನ ಕಾಲೇಜು ಹುಡುಗಿಯರಿಗೆ ಸೇರಿ ನಲವತ್ತಾರು. ಕ್ಯಾಪ್ಟನ್‌ಗೆ ಹತ್ತು. ಒಟ್ಟು ತೊಂಬತ್ತೆಂಟು. ಎರಡು ಸೇರು ಉಳಿಸಿದ್ದು ಮೊಣಕಾಲಿನ ಪಟ್ಟಿ, ಮುಲಾಮುಗಳಿಗೆ. ಇಷ್ಟು ಚೊಕ್ಕವಾದ ಪಟ್ಟಿ ಐದು ತಾಲ್ಲೂಕಿನಲ್ಲಿ ಯಾರೂ ಮಾಡಿರಲಾರರು ಎಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಕ್ಯಾಪ್ಟನ್ ಬಗ್ಗೆ ಹೇಳಲೇಬೇಕು. ಅವಳು ಉಚ್ಚಂಗಿದುರ್ಗದಲ್ಲಿ ಹುಟ್ಟಿ ಕೊಟ್ಟೂರಿಗೆ ಸೊಸೆಯಾಗಿ ಬಂದವಳು, ಎರಡು ಮಕ್ಕಳ ತಾಯಿ. ಮೊದಲ ಸಲ ನನ್ನ ಅಂಗಡಿಗೆ ಬಂದಿದ್ದು ಕುಬಸದ ಅಳತೆ ಕೊಡಲು. ಕೂತಿದ್ದಾಗ ಅವಳ ಮಗ ರಸ್ತೆಯ ಕಡೆ ಓಡಿದ. ಅವಳು ಏಳಲಿಲ್ಲ, ಕೂಗಲಿಲ್ಲ, ಕೂತಲ್ಲಿಂದಲೇ ಬಾಗಿ ಅವನ ಹಿಮ್ಮಡಿ ಹಿಡಿದಳು. ನನ್ನ ಕೈಯಲ್ಲಿದ್ದ ಟೇಪು ಹಾಗೇ ನಿಂತಿತು. ಹಡಗಲಿ ಕಾಲೇಜಿನಲ್ಲಿ ನಾನೂ ಕಬಡ್ಡಿ ಆಡಿದವಳು, ಇಂಥ ಹಿಡಿತ ನೋಡಿದರೆ ಗೊತ್ತಾಗುತ್ತದೆ. ಮರುದಿನವೇ ಅವಳ ಅತ್ತೆಯ ಮುಂದೆ ಹೋಗಿ ಕೂತೆ. "ನಿಮ್ಮ ಸೊಸೀನ ದಿನಾ ಎರಡು ತಾಸು ನನಗ ಕೊಡ್ರಿ" ಎಂದೆ. ಆ ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಒಯ್ಯಿ ತಾಯಿ, ಮನ್ಯಾಗೂ ಯಾರನ್ನೂ ಕುಂದ್ರಾಕ ಬಿಡಂಗಿಲ್ಲ ಇಕಿ" ಎಂದು ನಕ್ಕಳು.

ಅಂದಿನಿಂದ ನಾವಿಬ್ಬರೂ ಹತ್ತಿರವಾದೆವು. ಅವಳ ಅವ್ವ ತೀರಿಕೊಂಡ ಮೇಲೆ ಅಣ್ಣ ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿದ್ದ. ನಾಗರ ಪಂಚಮಿಗೆ ಓಣಿಯ ಸೊಸೆಯರೆಲ್ಲ ತವರಿಗೆ ಹೊರಟಾಗ ಇವಳು ಒಬ್ಬಳೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನಗೆ ಹೆಣ್ಣುಮಕ್ಕಳಿಲ್ಲ, ಮಾಡಿದ ಉಂಡಿ ಹೆಚ್ಚಾಗುತ್ತವೆ. ಬಾ ಎಂದು ಕರೆದೆ. ಕರೆದ ಮೇಲೆ ಬರಿಗೈಲಿ ಕಳಿಸಲಾದೀತೇ? ಒಂದು ಕುಬಸದ ಕಣ ಕೊಟ್ಟು, ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸಿದೆ. ಅದೇ ರೂಢಿಯಾಯಿತು, ನಾಲ್ಕು ಪಂಚಮಿ ಕಳೆದವು. ಇದರಲ್ಲಿ ದೊಡ್ಡದೇನೂ ನನಗೆ ಕಂಡಿರಲಿಲ್ಲ.

"ಈ ವರ್ಷ ಒಂದು ಆಡಿ ಬಿಡ್ತೀನ್ರಿ ಅಕ್ಕಾ. ಮೊಣಕಾಲು ಮಾತು ಕೇಳವಲ್ವು" ಎಂದಿದ್ದಳು. ಆಡಿಸುತ್ತೇನೆ, ಕ್ಯಾಪ್ಟನ್ ಆಗಿಯೇ ಆಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಪಟ್ಟಿಯ ಫೋಟೋ ತೆಗೆದು ಪಂದ್ಯಾವಳಿಯ ಕಾರ್ಯದರ್ಶಿಗೆ ಕಳಿಸಿದೆ. ಅವರು ನಿವೃತ್ತ ಕನ್ನಡ ಮೇಷ್ಟ್ರು. ಅರ್ಧ ತಾಸಿನಲ್ಲಿ ಫೋನ್ ಬಂತು.

"ನಿಮ್ಮ ಚೀಲ ನೂರೆಂಟು ಸೇರು ಆಗೇತ್ರಿ."

"ಲೆಕ್ಕ ಬರಂಗಿಲ್ಲೇನ್ರಿ ಮೇಷ್ಟ್ರೇ? ತೊಂಬತ್ತೆಂಟು."

"ಲೆಕ್ಕಾನೂ ಬರ್ತೈತಿ, ಕನ್ನಡಾನೂ ಬರ್ತೈತಿ. ಹೊರಗಿನೋರ ಸೇರು ಡಬಲ್ ಹಿಡೀಬೇಕು ಅಂತ ಹೊಸ ನಿಯಮ. ಹೊರಗಿನೋರು ಅಂದ್ರ ತಾಲ್ಲೂಕಿನ ಮಗಳು ಅಲ್ಲದೋರು. ನಿಮ್ಮ ಕ್ಯಾಪ್ಟನ್ ಹರಪನಹಳ್ಳಿ ತಾಲ್ಲೂಕಿನ ಮಗಳು. ನಿಮಗ ಸೊಸಿ. ಅಕಿ ಹತ್ತು ಇಪ್ಪತ್ತಾತು."

ಜಗಳಕ್ಕೆ ಹೋಗದೆ ಫೋನ್ ಇಟ್ಟೆ. ಯಾಕೆಂದರೆ ಆ ನಿಯಮ ಮಾಡಿಸಿದವಳು ನಾನೇ.

ಹಿಂದಿನ ವರ್ಷ ಒಂದು ತಂಡ ದೂರದೂರಿನಿಂದ ಏಳು ಜನರನ್ನು ತಂದು ನಮ್ಮನ್ನು ಮಣ್ಣು ಮುಕ್ಕಿಸಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಖಾನಾವಳಿಯಲ್ಲಿ ಸಭೆ ಸೇರಿದಾಗ ನಾನು ಚಹಾ ಚೆಲ್ಲುವ ಹಾಗೆ ಮೇಜು ಬಡಿದೆ. "ಆಡೋರು ಆಯಾ ತಾಲ್ಲೂಕಿನ ಹೆಣ್ಮಗಳು ಆಗಿರಬೇಕು, ಹೊರಗಿಂದ ತಂದ್ರ ಡಬಲ್ ಸೇರು ಹಿಡೀರಿ" ಎಂದೆ. ನಮ್ಮ ಕಡೆ ಹೆಣ್ಮಗಳು ಎಂದರೆ ಯಾವ ಹೆಂಗಸೂ ಆದೀತು. ತೊಟ್ಟಿಲ ಕೂಸೂ ಹೆಣ್ಮಗಳೇ, ಎಂಬತ್ತರ ಮುದುಕಿಯೂ ಹೆಣ್ಮಗಳೇ, ಮಗಳಾದರೂ ಸೊಸೆಯಾದರೂ. ಆದರೆ ಮೇಷ್ಟ್ರ ಪೆನ್ನಿಗೆ ಪುಸ್ತಕದ ಕನ್ನಡವೇ ಬೇಕು. 'ಆಯಾ ತಾಲ್ಲೂಕಿನ ಮಗಳಾಗಿರತಕ್ಕದ್ದು' ಎಂದು ಬರೆದು, ಗಟ್ಟಿಯಾಗಿ ಓದಿ, ಸರಿಯೇ ಎಂದು ಕೇಳಿದರು. ನನಗೆ ಕೊಟ್ಟೂರು ಬಸ್ಸಿನ ಚಿಂತೆ. "ಹೆಣ್ಮಗಳು ಅಂದ್ರೂ ಅಷ್ಟೇ, ಮಗಳು ಅಂದ್ರೂ ಅಷ್ಟೇ, ಬರೀರಿ" ಎಂದು ಎಲ್ಲರಿಗಿಂತ ಮೊದಲು ಸಹಿ ಹಾಕಿ ಓಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರ್ತಿಗೆ ಇನ್ನೂ ಮಟ್ಟ.

ಸುದ್ದಿ ಹಬ್ಬಲು ಒಂದು ದಿನವೂ ಬೇಕಾಗಲಿಲ್ಲ. ಹರಪನಹಳ್ಳಿ ತಂಡ ನೋಡಿಕೊಳ್ಳುವವರು ಕಿರಾಣಿ ಅಂಗಡಿಯ ಯಜಮಾನರು, ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಚೆನ್ನಾಗಿ ಬಲ್ಲವರು. ನೇರವಾಗಿ ಕ್ಯಾಪ್ಟನ್‌ಗೇ ಫೋನ್ ಮಾಡಿದರು. ಅವಳು ಸಂಜೆ ಅಂಗಡಿಗೆ ಬಂದು, ಯಾವುದನ್ನೂ ಮುಚ್ಚಿಡದೆ ಹೇಳಿದಳು.

"'ತವರಿಗೆ ಬಾರವ್ವ, ನಮಗ ನೀನು ಮಗಳು, ಹದಿನಾಕು ಸೇರು ಕೊಡ್ತೀವಿ, ಕ್ಯಾಪ್ಟನ್ನೂ ನೀನೇ' ಅಂದ್ರು."

"ನೀ ಏನಂದಿ?"

"ವಿಚಾರ ಮಾಡ್ತೀನಿ ಅಂದೆ."

ಅವಳಿಗೆ ಬೈಯಲು ನನಗೇನು ಹಕ್ಕು? ನಾಲ್ಕು ಸೇರು ಹೆಚ್ಚು, ಮೇಲೆ ತವರು ಎಂಬ ಮಾತು. ನನಗೇ ಯಾರಾದರೂ ಆ ಮಾತು ಆಡಿದ್ದರೆ ಹೋಗುತ್ತಿದ್ದೆನೇನೋ.

ಮೂರು ದಿನ ಮೇಜಿನ ಮೇಲೆ ಬಟ್ಟೆಗಿಂತ ಲೆಕ್ಕವೇ ಹೆಚ್ಚಾಯಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುವುದು, ಅಳಿಸುವುದು. ಎಂಟು ಸೇರು ಇಳಿಸಬೇಕು. ಹದಿನಾಲ್ಕರ ರೈಡರನ್ನು ಬಿಟ್ಟು ಐದಕ್ಕೆ ಒಬ್ಬಳನ್ನು ತಂದರೆ ತೊಂಬತ್ತೊಂಬತ್ತಾಗುತ್ತದೆ. ಆದರೆ ಅವಳಿಗೂ ಮಾತು ಕೊಟ್ಟಾಗಿದೆ, ಮೇಲಾಗಿ ಒಂಟಿ ಎತ್ತಿನಿಂದ ಹೊಲ ಸಾಗುವುದಿಲ್ಲ. ಮೂರನೆಯ ದಿನ ಕ್ಯಾಪ್ಟನ್ ಬಂದವಳೇ ಸೀಮೆಸುಣ್ಣ ಕಿತ್ತುಕೊಂಡು ತನ್ನ ಹತ್ತನ್ನು ಐದು ಮಾಡಿದಳು.

"ಡಬಲ್ ಆದ್ರ ಹತ್ತೇ ಆತು. ನಿಮ್ಮ ತೊಂಬತ್ತೆಂಟು ನಿಮಗ ಉಳೀತು."

ಊಟದ ಡಬ್ಬಿ ತಂದಿದ್ದ ನನ್ನ ಗಂಡ ಬಗ್ಗಿ ನೋಡಿದರು. "ಲೆಕ್ಕ ಸರಿ ಹೋತಲ್ಲ!"

ಇಬ್ಬರ ಮೇಲೂ ಹರಿಹಾಯ್ದೆ. "ಬೆಂಚ್ ಕಾಯೋ ಹುಡುಗಿಗೂ ಐದು, ಕ್ಯಾಪ್ಟನ್‌ಗೂ ಐದು? ಸೊಸಿ ಅಂತ ಅಗ್ಗಾ ಆಗ್ಯಾಳೇನು ಇಕಿ? ಮನ್ಯಾಗ ಇಬ್ಬರ ಕೆಲಸ ಮಾಡೋದು, ಇಲ್ಲಿ ಅರ್ಧ ಕೂಲಿ ತಗೊಳ್ಳೋದು. ಯಾವ ನ್ಯಾಯ ಇದು?" ಗಂಡ ಡಬ್ಬಿ ಇಟ್ಟು ಗಿರಣಿಗೆ ಹೋದರು. ನಾನು ಐದನ್ನು ಅಳಿಸಿ ಮತ್ತೆ ಹತ್ತು ಬರೆದೆ. ಒಟ್ಟು ನೂರೆಂಟೇ ಉಳಿಯಿತು.

ಪಟ್ಟಿ ಒಪ್ಪಿಸುವ ದಿನ ಹರಪನಹಳ್ಳಿಗೆ ಇಬ್ಬರೂ ಒಂದೇ ಸೀಟಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಯಾವ ಪಟ್ಟಿಗೆ ಸೇರುತ್ತೀ ಎಂದು ಕೇಳಲು ನಾಲಿಗೆ ಏಳಲಿಲ್ಲ. ಸಾಮಾನ್ಯವಾಗಿ ನನ್ನ ನಾಲಿಗೆಗೆ ಆ ತೊಂದರೆ ಇಲ್ಲ.

ಒಂದು ಶಾಲೆಯ ಪಡಸಾಲೆಯಲ್ಲಿ ಮೇಷ್ಟ್ರು ಪುಸ್ತಕ ಹರವಿಕೊಂಡು ಕೂತಿದ್ದರು. ಉಳಿದ ನಾಲ್ಕು ತಂಡದವರೂ ಬಂದಿದ್ದರು. ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ನಿನ್ನ ಹೆಸರು ಯಾವ ಪಟ್ಟಿಗೆ ಬರೀಲವ್ವ?"

ಅವಳು ಬಾಯಿ ತೆರೆಯುವ ಮೊದಲೇ ಕಿರಾಣಿ ಯಜಮಾನರು, "ಕೇಳೋದೇನೈತ್ರಿ, ಇದು ನಮ್ಮ ಮನಿಮಗಳು" ಎಂದರು.

ಅವಳು ಅವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ಅಣ್ಣಾರ, ನಾ ನಿಮ್ಮ ಮನಿಮಗಳಾದ್ರ ಹೋದ ಪಂಚಮಿಗೆ ಯಾಕ ಕರೀಲಿಲ್ಲ?"

ಯಜಮಾನರು ಆ ಕಡೆ ಈ ಕಡೆ ನೋಡಿದರು.

"ನಾಕು ಪಂಚಮಿ ಆತ್ರಿ, ನನ್ನ ಕರದೋರು ಈ ಅಕ್ಕಾರು. ಉಂಡಿ ಕೊಟ್ರು, ಕಣ ಕೊಟ್ರು, ಉಡಿ ತುಂಬಿದ್ರು. ಈಗ ತೊಟ್ಟಿರೋ ಕುಬಸ ಅವರದೇ. ಉಡಿ ತುಂಬಿದ ಮನಿ ತವರು ಅಲ್ಲೇನ್ರಿ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಲು ಕಟ್ಟುನಿಟ್ಟಿನ ಮನುಷ್ಯ, ಆದರೆ ಆ ನೆಲದವರೇ. "ಉಡಿ ತುಂಬಿದ ಮ್ಯಾಲ ಮಗಳೇ. ಅದಕ್ಕ ನಾ ತಕರಾರು ತಗ್ಯಾಕ ಬರಂಗಿಲ್ಲ" ಎಂದು ಪೆನ್ನು ಹಿಡಿದರು. ನಾನು ಉಸಿರು ಬಿಟ್ಟೆ.

ಅಷ್ಟು ಬೇಗ ಬಿಡಬಾರದಿತ್ತು. ಯಜಮಾನರಿಗೆ ಮಾತು ಮರಳಿತು. "ಆಗಲ್ರಿ. ಆದ್ರ ಈ ಅಕ್ಕಾರು ಕೊಟ್ಟೂರಿನ ಮಗಳೇನು? ಇವರೂ ಹಡಗಲಿ ಕಡಿ ಇಟ್ಟಿಗಿ ಊರಿಂದ ಬಂದ ಸೊಸಿ. ಹೊರಗಿನೋರ ಮಗಳು ಹೊರಗಿನೋಳೇ ಅಲ್ಲೇನು?"

ಮೇಷ್ಟ್ರ ಪೆನ್ನು ನಿಂತಿತು. "ಪ್ರಶ್ನಿ ಸರಿ ಐತಿ" ಎಂದು ನನ್ನನ್ನು ನೋಡಿದರು. "ನಿಮ್ಮನ್ನ ಪಂಚಮಿಗೆ ಯಾರು ಕರೀತಾರ್ರಿ?"

ಅಪ್ಪ ಅವ್ವ ಇರುವತನಕ ಇಟ್ಟಿಗಿಯಿಂದ ಕರೆ ಬರುತ್ತಿತ್ತು. ಆಮೇಲೆ ಕೆಲವು ವರ್ಷ ನನ್ನ ತಮ್ಮ ಫೋನ್ ಮಾಡಿ ಕರೆದ. ಈಗ ಐದಾರು ವರ್ಷದಿಂದ ಪಂಚಮಿ ಬೆಳಿಗ್ಗೆ ಫೋನಿಗೆ ನಾಗಪ್ಪನ ಚಿತ್ರ ಬರುತ್ತದೆ, ಬಾ ಎಂಬ ಮಾತು ಬರುವುದಿಲ್ಲ. ನಾನು ಊರವರೆಲ್ಲರ ಪಂಚಮಿ ಕುಬಸ ಹೊಲಿಯುವುದರಲ್ಲಿ ಅದನ್ನು ಮರೆತಂತೆ ಇದ್ದುಬಿಟ್ಟಿದ್ದೆ. ಮರೆತಿರಲಿಲ್ಲ. ಅಷ್ಟು ಜನರ ಮುಂದೆ ಕಣ್ಣು ತುಂಬಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

"ನಾ ಕರೀತೀನ್ರಿ" ಎಂದಳು ಕ್ಯಾಪ್ಟನ್. "ಬರೋ ಪಂಚಮಿಗೆ ಅಕ್ಕಾರು ನಮ್ಮ ಮನಿಗೆ ಬರ್ತಾರ. ನಮ್ಮತ್ತಿ ಉಡಿ ತುಂಬ್ತಾಳ. ನಮ್ಮತ್ತಿ ಕೊಟ್ಟೂರಾಗೇ ಹುಟ್ಟಿದಾಕಿ, ಕೊಟ್ಟೂರಿಗೇ ಕೊಟ್ಟಾರ. ಈಗರ ಸರಿ ಆತೇನ್ರಿ?"

ಮೇಷ್ಟ್ರು ಬೆರಳು ಮಡಿಚಿ ಬಿಚ್ಚಿ ಲೆಕ್ಕ ಹಾಕಿದರು. "ಅವರು ನಿನಗ ತವರು. ನಿನ್ನ ಮನಿ ಅವರಿಗೆ ತವರು. ಇದನ್ನ ಹೆಂಗ ಬರೀಲವ್ವ ನಾನು?"

ನನ್ನ ನಾಲಿಗೆ ಆಗ ಮರಳಿ ಬಂತು. "ಹೆಣ್ಮಗಳು ಅಂತ ಬರೀರಿ ಮೇಷ್ಟ್ರೇ. ಹೋದ ವರ್ಷ ನಾ ಹೇಳಿದ್ದು ಅದನ್ನೇ."

ಮೊದಲು ನಕ್ಕವರು ಕೂಡ್ಲಿಗಿ ತಂಡದ ಮೇಡಂ. "ಬದಲು ಮಾಡ್ರಿ ಅತ್ಲಾಗ. ಇಲ್ಲಾಂದ್ರ ಕೊಟ್ಟೂರು ತಾಲ್ಲೂಕಾಗಿದ್ದು ಮೊನ್ನಿ ಮೊನ್ನಿ, ಇವರ ಹುಡುಗ್ಯಾರೆಲ್ಲ ಹುಟ್ಟಿದ್ದು ನಮ್ಮ ಕೂಡ್ಲಿಗಿ ತಾಲ್ಲೂಕಿನಾಗ. ಹನ್ನೊಂದು ಮಂದೀನೂ ನನ್ನ ಪಟ್ಟಿಗೆ ಬರೀಬೇಕಾಗ್ತೈತಿ" ಎಂದರು. ಪಡಸಾಲೆಯೆಲ್ಲ ನಗೆಯಾಯಿತು. ಕಿರಾಣಿ ಯಜಮಾನರೂ ನಕ್ಕರು, ಸ್ವಲ್ಪ ತಡವಾಗಿ. ಮೇಷ್ಟ್ರು 'ಮಗಳು' ಎಂಬುದನ್ನು ಹೊಡೆದು, ಮೇಲೆ ಸಣ್ಣಕ್ಷರದಲ್ಲಿ 'ತಾಲ್ಲೂಕಿನಲ್ಲಿ ವಾಸವಿರುವ ಹೆಣ್ಣುಮಗಳು' ಎಂದು ಬರೆದು ಐದೂ ಜನರ ಸಹಿ ಕೇಳಿದರು. ಈ ಸಲ ನಾನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಎಲ್ಲರಿಗಿಂತ ಕೊನೆಗೆ ಸಹಿ ಹಾಕಿದೆ. ತೊಂಬತ್ತೆಂಟು ಸೇರು, ಕ್ಯಾಪ್ಟನ್‌ಗೆ ಹತ್ತು.

ಮರಳುವ ಬಸ್ಸಿನಲ್ಲಿ ಜಾಗ ಇಕ್ಕಟ್ಟಾಗಿತ್ತು. ಹದಿನಾಲ್ಕು ಸೇರು ಬಿಟ್ಟು ಬಂದೆಯಲ್ಲೇ ಹುಚ್ಚಿ ಎಂದು ನಾನು ಬೈಯುತ್ತಲೇ ಇದ್ದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಭುಜವನ್ನೇ ನೋಡುತ್ತಿದ್ದಳು.

"ಅಕ್ಕಾ, ನಿಮ್ಮ ಕುಬಸದ ಅಳತಿ ಎಷ್ಟ್ರಿ? ಕಣ ತರಬೇಕಲ್ಲ."

ಮೂವತ್ತು ವರ್ಷ ಊರವರ ಅಳತೆ ತೆಗೆದಿದ್ದೇನೆ. ನನ್ನ ಅಳತೆಯನ್ನು ಅಲ್ಲಿಯತನಕ ಯಾರೂ ಕೇಳಿರಲಿಲ್ಲ. ಎಷ್ಟು ಎಂದು ಹೇಳಲು ನನಗೇ ನೆನಪಿರಲಿಲ್ಲ. ಚೀಲದಿಂದ ಟೇಪು ತೆಗೆದು ಅವಳ ಕೈಗೆ ಕೊಟ್ಟೆ.