ಅಕ್ಕನ ಮೆಸ್ಸಿನ ಮುದ್ದೆ

ಹೊಳೆನರಸೀಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದೆ. ಬೆಲೆ ಏರುತ್ತದೆಂದು ಜನ ನಂಬಿಬಿಟ್ಟರೆ ಅದು ಏರಿಯೇ ಏರುತ್ತದೆ. ಅದಕ್ಕೇ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿದರಷ್ಟೇ ಸಾಲದು, ಆಡಿದ ಮಾತು ಉಳಿಸಿಕೊಳ್ಳಬೇಕು. ಇದನ್ನು ಎಷ್ಟು ಸಲ ಒದರಿದ್ದೇನೋ ಲೆಕ್ಕವಿಲ್ಲ.

ಅಕ್ಕ ರಾಮನಾಥಪುರದಲ್ಲಿ ಮೆಸ್ ನಡೆಸುತ್ತಿದ್ದಳು. ಭಾವ ತೀರಿಹೋದ ಮೇಲೆ ಅವಳ ಬದುಕೆಲ್ಲ ಅದೇ. ಹೊಗೆಸೊಪ್ಪಿನ ಹರಾಜಿಗೆ ಬರುವ ರೈತರು, ಮೂಟೆ ಹೊರುವ ಹಮಾಲಿಗಳು ಅವಳ ಗಿರಾಕಿಗಳು. ಎಣ್ಣೆ, ಬೇಳೆ ದುಬಾರಿಯಾದ ವರ್ಷ ಊಟದ ದರ ಏರಿಸುತ್ತೇನೆಂದಳು. ನಾನು ಬಿಡಲಿಲ್ಲ. ಬ್ಯಾಂಕಿನವರು ಬಡ್ಡಿ ಏರಿಸಿದ್ದಾರೆ, ಆರು ತಿಂಗಳಲ್ಲಿ ಬೆಲೆ ತಣ್ಣಗಾಗುತ್ತದೆ ಎಂದೆ. ‘ಯುಗಾದಿವರೆಗೂ ಇದೇ ದರ’ ಎಂದು ನಾನೇ ಬರೆದು ಬಾಗಿಲಿಗೆ ತೂಗುಹಾಕಿದೆ. ಎಂಥ ಜಂಬ ನನಗೆ.

“ನೀನು ಓದ್ದೋನು, ನೀನೇಳಿದ್ಮೇಲೆ ಸರಿ ಕಣ,” ಅಂದಳು.

ಬೆಲೆ ತಣ್ಣಗಾಗಲಿಲ್ಲ. ದೀಪಾವಳಿ ಹೊತ್ತಿಗೆ ಅಕ್ಕ ಕೈಸೋತಳು. ದರ ಏರಿಸೋಣವೆಂದರೆ, ಬರೆದು ಹಾಕಿದ ಮೇಲೆ ಮಾತು ತಪ್ಪಬಾರದು ಎಂದು ಗದರಿದೆ. ಮುದ್ದೆ ಒಂದಿಷ್ಟು ಸಣ್ಣ ಕಟ್ಟು, ಯಾರಿಗೆ ಗೊತ್ತಾಗುತ್ತೆ ಅಂದವನೂ ನಾನೇ. ಥೂ, ಮುದ್ದೆ ತಿಂದೇ ಬೆಳೆದವನು ಆಡುವ ಮಾತೇ ಅದು?

ಮೊದಲ ದಿನವೇ ಹಮಾಲಿಯೊಬ್ಬ ಮುದ್ದೆಯನ್ನು ಅಂಗೈ ಮೇಲಿಟ್ಟು ತೂಗಿ ನೋಡಿದ. “ಅಕ್ಕಾ, ಐದು ರೂಪಾಯಿ ಜಾಸ್ತಿ ಕೇಳಿದ್ರೆ ಕೊಡ್ತಿರ್ಲಿಲ್ವಾ? ಇಂಗ್ಯಾಕ್ ಮಾಡ್ಬುಟ್ಟೆ?” ಅಂದ. ಜಗಳವಾಡಲಿಲ್ಲ. ಉಂಡು, ಕೈ ತೊಳೆದು ಹೋದ. ಮರುವಾರ ಅವರ ಗುಂಪೆಲ್ಲ ಎದುರಿನ ಹೋಟೆಲು ಹೊಕ್ಕಿತು. ಅಲ್ಲಿ ದರ ಹೆಚ್ಚು, ಮುದ್ದೆ ದೊಡ್ಡದು. ಅಕ್ಕ ಮತ್ತೆ ಮೊದಲಿನಷ್ಟೇ ದೊಡ್ಡ ಮುದ್ದೆ ಕಟ್ಟಿದಳು. ನೋಡಲಿಕ್ಕೂ ಯಾರೂ ಬರಲಿಲ್ಲ. ಹೋದ ನಂಬಿಕೆ ವರ್ಷಗಟ್ಟಲೆ ತಿರುಗಿ ಬರುವುದಿಲ್ಲ ಎಂಬ ಪಾಠವನ್ನೂ ನಾನೇ ಮಾಡಿದ್ದೆ. ಹರಾಜು ಮುಗಿಯುವ ಮೊದಲೇ ಮೆಸ್ ಮುಚ್ಚಿತು.

ಈಗ ಅಕ್ಕ ಅರಕಲಗೂಡಿನ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತೊಳೆಯಲು ಹೋಗುತ್ತಾಳೆ. ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರಾತ್ರಿ ಹಗಲು ಇದೇ ಸಂಕಟ ನನಗೆ.

ಹೋದ ತಿಂಗಳು ಅವಳಿಗೆ ಮಂಡಿನೋವು. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ, “ಇದೇ ಹಾಸನದ ಬಸ್ಸು, ಹತ್ತಕ್ಕ,” ಎಂದೆ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ನನ್ನ ಕಡೆ ತಿರುಗಲಿಲ್ಲ.

“ಸಾ, ಇದು ಆಸನಕ್ಕೆ ಓಯ್ತದಾ?” ಎಂದು ಕಂಡಕ್ಟರನ್ನು ಕೇಳಿದಳು.